ಅಕ್ಕಾತಾಯಿಯ ಮೆಟ್ಟಿಲು ನಾನು ಒರೆಸಿದ್ದು

ಮೊದಲೇ ಹೇಳಿಬಿಡುತ್ತೇನೆ: ನಾನು ವಿಜ್ಞಾನದ ಮಾಸ್ತರ. ಶೇಡಬಾಳದ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಆಮ್ಲ, ಪ್ರತ್ಯಾಮ್ಲ, ಲವಣಗಳನ್ನು ಕಲಿಸುತ್ತ ಬಂದಿದ್ದೇನೆ. ಹೀಗಿರುವಾಗ ನನ್ನ ಹೆಂಡತಿ ಸುನಂದಾ ಬಚ್ಚಲು ತೊಳೆಯುವ ಆಸಿಡ್ಡಿನ ವಾಸನೆಗೆ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಗೆ ಬಂದರೆ, ಉಳಿದ ಗಂಡಂದಿರ ಹಾಗೆ "ಕಿಡಕಿ ತಗೀಬೇಕಿಲ್ಲೇನ?" ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುವುದು ನನ್ನ ಹುದ್ದೆಗೆ ಶೋಭಿಸುತ್ತಿರಲಿಲ್ಲ.

"ಇವತ್ತಿನಿಂದ ಈ ಮನ್ಯಾಗ ಕೆಮಿಕಲ್ ಬಂದ್!" ಎಂದು ಘೋಷಿಸಿದೆ.

ಸುನಂದಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಂದ್ ಮಾಡ್ರಿ. ಬಚ್ಚಲಾ ಯಾರು ತಿಕ್ಕವ್ರು?"

"ನಿಸರ್ಗ ತಿಕ್ತೈತಿ."

"ಹಂಗಾರ ನಿಸರ್ಗಕ್ಕ ಹೇಳ್ರಿ, ಸೋಮವಾರ ಬಾ ಅಂತ. ಮೂಲ್ಯಾಗ ಪಾಚಿ ಭಾಳ ಕಟ್ಟೇತಿ."

ಇಂಥ ಮಾತುಗಳಿಂದ ಧೃತಿಗೆಡುವವನು ನಾನಲ್ಲ. ಬಚ್ಚಲಿನಲ್ಲಿದ್ದ ಕೆಂಪು, ನೀಲಿ, ಹಸಿರು ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದೆ. ಮೊಬೈಲಿನಲ್ಲಿ ಒಂದಷ್ಟು ವಿಡಿಯೋ ನೋಡಿದೆ. ಅವುಗಳಲ್ಲಿ ಬರುವ ಹೆಣ್ಣುಮಕ್ಕಳು ನಗುನಗುತ್ತ ನಿಂಬೆ ಹಿಂಡಿದರೆ ಸಾಕು, ಸಿಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಖರ್ಚೂ ಇಲ್ಲ, ಕೆಮ್ಮೂ ಇಲ್ಲ. ಇಷ್ಟು ಸರಳವಾದ ವಿಷಯ ಊರಿಗೆ ಹೊಳೆದಿಲ್ಲವಲ್ಲ ಎಂದು ಊರಿನ ಬಗ್ಗೆ ಮರುಕವಾಯಿತು.

ಮೊದಲ ಪ್ರಯೋಗ ಬೂದಿಯದು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ಕರಿಯುವ ಹೋಟೆಲಿಗೆ ಹೋಗಿ, ಅವರ ಒಲೆಯ ಬೂದಿಯನ್ನು ಚೀಲದ ತುಂಬ ಬೇಡಿ ತಂದೆ. ಬಚ್ಚಲ ಕಟ್ಟೆಯ ಮೇಲೆ ಕುಳಿತು, ಕೈಗೆ ಸಿಕ್ಕ ಒಂದು ಕರಿ ತವಾ ತಿಕ್ಕತೊಡಗಿದೆ. ಎಷ್ಟು ವರ್ಷದ ಮಸಿಯೋ ಏನೋ, ಜಪ್ಪಯ್ಯ ಎಂದರೂ ಬಿಡಲೊಲ್ಲದು. ನಾನೂ ಬಿಡಲಿಲ್ಲ. ಒಂದು ತಾಸು ತಿಕ್ಕಿದ ಮೇಲೆ ಅದು ಬೆಳ್ಳಿಯ ತಟ್ಟೆಯಂತಾಯಿತು. ಹೆಮ್ಮೆಯಿಂದ ಸುನಂದಾಳ ಮುಂದೆ ಹಿಡಿದೆ.

ಅವಳು ಅದನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದಳು.

"ಇದು ನಾನ್‌ಸ್ಟಿಕ್ ತವಾ ಇತ್ರಿ," ಎಂದಳು.

ಅಂದಿನಿಂದ ಅದು ಸ್ಟಿಕ್ ತವಾ ಆಯಿತು. ಅದರ ಮೇಲೆ ಹಾಕಿದ ದ್ವಾಸಿಯನ್ನು ಇವತ್ತಿಗೂ ಉಳಿಯಿಂದ ಎಬ್ಬಿಸಬೇಕು!

ಎರಡನೆಯದು ರಿಠಾ, ಅಂದರೆ ಅಂಟವಾಳಕಾಯಿ. ಅದನ್ನು ನೆನೆಹಾಕಿ, ಕುದಿಸಿ, ನೊರೆ ಬರಿಸಿ, ನನ್ನ ನಾಲ್ಕು ಬಿಳಿ ಅಂಗಿಗಳನ್ನು ಅದರಲ್ಲಿ ಮುಳುಗಿಸಿ ಇಟ್ಟೆ. ಸೋಸಬೇಕು ಎನ್ನುವುದನ್ನು ವಿಡಿಯೋದವಳು ಕೊನೆಯಲ್ಲಿ ಹೇಳಿದ್ದಳಂತೆ. ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾಲ್ಕೂ ಅಂಗಿ ಖಾಕಿ ಬಣ್ಣಕ್ಕೆ ತಿರುಗಿದವು. ಮರುದಿನ ಒಂದನ್ನು ತೊಟ್ಟು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಯಾರೋ ಪಾಲಕರು ಬಂದು ನನ್ನ ಕೈಗೆ ಅರ್ಜಿ ಕೊಟ್ಟು, "ಸಾಹೇಬ್ರ ಟೇಬಲ್ ಮ್ಯಾಲ ಇಟ್ ಬರ್ರಿ ಅಣ್ಣಾರ," ಎಂದರು. ಇಟ್ಟು ಬಂದೆ. ವಾದ ಮಾಡುವ ಅಂಗಿ ಅದಾಗಿರಲಿಲ್ಲ.

ಇವೆರಡೂ ಸಣ್ಣ ಪ್ರಯೋಗಗಳು. ನನ್ನ ನಿಜವಾದ ಸಾಧನೆ ಮೂರನೆಯದು. ಅದಕ್ಕೆ ಮೊದಲು ಅಕ್ಕಾತಾಯಿಯವರ ಪರಿಚಯ ಹೇಳಬೇಕು.

ಅಕ್ಕಾತಾಯಿ ನಮ್ಮ ಮನೆ ಮಾಲಕಿ. ಅರವತ್ತೈದರ ಆಸುಪಾಸಿನ ಜೈನ ಹೆಣ್ಣುಮಗಳು. ಹೆಸರಿನಲ್ಲೇ ಅಕ್ಕನೂ ತಾಯಿಯೂ ಇರುವುದರಿಂದ ನಾವು ಬೇರೆ ಸಂಬಂಧ ಹಚ್ಚುವ ಗೋಜಿಗೆ ಹೋಗಿಲ್ಲ. ಮಹಡಿಯ ಮೇಲೆ ಅವರು, ಮಗ, ಸೊಸೆ ವೈಶಾಲಿ. ಕೆಳಗೆ ನಾವಿಬ್ಬರು. ಅವರ ಮನೆಗೆ ಹೋಗಲು ಹೊರಗಡೆಯಿಂದ ಒಂದೇ ದಾರಿ, ಇಪ್ಪತ್ತೆರಡು ಮೆಟ್ಟಿಲು. ಅಕ್ಕಾತಾಯಿ ನೀರು ಸೋಸದೆ ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಮುಟ್ಟುವವರಲ್ಲ, ನಡೆಯುವಾಗ ನೆಲ ನೋಡಿಯೇ ನಡೆಯುವವರು. ಅವರ ಕಾಲಡಿ ಒಂದು ಹುಳ ಸತ್ತದ್ದನ್ನು ಯಾರೂ ಕಂಡಿಲ್ಲ.

ಮೂರನೆಯ ಪ್ರಯೋಗದ ಹೆಸರು ಬಯೋ ಎಂಜೈಮ್. ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು. ಬಾಟಲಿಗೆ ತುಂಬಿ ಮೂರು ತಿಂಗಳು ಕೊಳೆಹಾಕಿದರೆ ನೆಲ, ಬಚ್ಚಲು, ಸಿಂಕು ಎಲ್ಲಕ್ಕೂ ಒಂದೇ ಮದ್ದು. ಬೆಲ್ಲಕ್ಕೆ ನಮಗೆ ಬರವಿಲ್ಲ. ಅಲಖನೂರದಲ್ಲಿ ಕಬ್ಬು ಬೆಳೆಯುವ ನನ್ನ ಮಾವನವರು ವರ್ಷಕ್ಕಾಗುವಷ್ಟು ದೊಡ್ಡ ಬೆಲ್ಲದ ಅಚ್ಚು, ಅಂದರೆ ಪೆಂಟಿ, ಕಳಿಸಿದ್ದರು. ಸಿಪ್ಪೆಯೊಂದು ಬೇಕಿತ್ತು. ಚಿಕ್ಕೋಡಿಗೆ ತರಬೇತಿಗೆಂದು ಹೋದವನು ಬಸ್ ಸ್ಟ್ಯಾಂಡಿನ ಹತ್ತಿರದ ಮೂಸಂಬಿ ಜ್ಯೂಸಿನ ಅಂಗಡಿಗೆ ನುಗ್ಗಿದೆ.

"ನಿಮ್ಮ ಸಿಪ್ಪಿ ಎಲ್ಲಾ ನನಗ ಕೊಡ್ರಿ."

ಅಂಗಡಿಯವನು ಖುಷಿಯಿಂದ ಒಂದು ಚೀಲ ಕಟ್ಟಿಕೊಟ್ಟ. "ಎಷ್ಟು ದನಾ ಅದಾವ್ರಿ ಮನ್ಯಾಗ?"

"ದನಾ ಇಲ್ಲ. ನನಗs ಬೇಕು."

ಅವನು ಚೀಲ ಕೊಟ್ಟ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ. ಪಕ್ಕದವನಿಗೆ ಮರಾಠಿಯಲ್ಲಿ ಏನೋ ಹೇಳಿದ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

ಆ ಭಾನುವಾರವೇ ಹನ್ನೆರಡು ಬಾಟಲಿ ತುಂಬಿಸಿ ಅಡುಗೆಮನೆಯ ಮಾಡದಲ್ಲಿ ಸಾಲಾಗಿ ನಿಲ್ಲಿಸಿದೆ. ಅಕ್ಕಾತಾಯಿ ಮೊಸರಿನ ಗಿಂಡಿ ಕೊಡಲು ಬಂದವರು ಅವನ್ನು ನೋಡಿ ನಿಂತರು.

"ಏನೈತ್ರಿ ಮಾಸ್ತರ, ಇದರಾಗ?"

ವಿಜ್ಞಾನದ ಬಗ್ಗೆ ಯಾರಾದರೂ ತಾವಾಗಿ ಕೇಳುವುದು ನನ್ನ ವೃತ್ತಿಜೀವನದಲ್ಲಿ ಅಪರೂಪ. ಎದೆಯುಬ್ಬಿಸಿ ಹೇಳಿದೆ: "ಕೋಟಿಗಟ್ಟಲೆ ಸೂಕ್ಷ್ಮಜೀವಿ ಅದಾವ್ರಿ ಅಕ್ಕಾತಾಯಿ!"

"ಜೀವಾ?"

"ಹೌದ್ರಿ! ಬೆಲ್ಲಾ ತಿಂದು ಒಂದಕ್ಕ ಎರಡು, ಎರಡಕ್ಕ ನಾಕು ಆಗ್ತಾವು."

"ಆಮ್ಯಾಲ?"

"ಆಮ್ಯಾಲ…" ನನ್ನ ದನಿ ಸಣ್ಣಗಾಯಿತು. "ನೆಲಕ್ಕ ಹಾಕಿ ಒರಸ್ತೀವ್ರಿ."

ಅಕ್ಕಾತಾಯಿ ಕಣ್ಣು ಮುಚ್ಚಿ ತೆರೆದರು. "ಅಂದ್ರ ನೀವs ಹುಟ್ಟಸ್ತೀರಿ, ನೀವs ಒರಸ್ತೀರಿ," ಎಂದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. "ನಿಮ್ಮ ಮನಿ, ನೀವು ಮಾಡ್ಕೋರಿ. ಮ್ಯಾಲ ಮಾತ್ರ ತರಬ್ಯಾಡ್ರಿ."

"ಛೇ ಛೇ, ತರೂದಿಲ್ರಿ," ಎಂದೆ. ಈ ಮಾತನ್ನು ನಾನು ಉಳಿಸಿಕೊಂಡೆನೆಂದೇ ಬಹಳ ದಿನ ನಂಬಿದ್ದೆ.

ಎರಡು ವಾರ ಬಾಟಲಿಗಳು ಶಿಸ್ತಿನಿಂದ ಇದ್ದವು. ಮುಚ್ಚಳ ದಿನಾಲೂ ಸ್ವಲ್ಪ ಸಡಿಲಿಸಿ ಗಾಳಿ ಬಿಡಬೇಕು ಎಂದಿತ್ತು. ಆದರೆ ವಾಸನೆ ಬರುತ್ತದೆಂದು ಸುನಂದಾ ಗೊಣಗಿದ್ದರಿಂದ ನಾನು ಇಕ್ಕಳ ಹಾಕಿ ಬಿಗಿದಿದ್ದೆ. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೇನೆ, ಅಡುಗೆಮನೆಯಲ್ಲಿ ಢಮ್ಮೆಂದು ಸದ್ದು! ಎದ್ದು ಓಡಿದರೆ ಮೂಸಂಬಿ ಸಿಪ್ಪೆಯೊಂದು ಫ್ಯಾನಿನ ರೆಕ್ಕೆಯ ಮೇಲೆ ಕುಳಿತು ಸಾವಕಾಶ ತಿರುಗುತ್ತಿತ್ತು. ಸುನಂದಾಳ ತಲೆಯಿಂದ ಬೆಲ್ಲದ ನೀರು ತೊಟ್ಟಿಕ್ಕುತ್ತಿತ್ತು.

ಮೇಲಿನಿಂದ ವೈಶಾಲಿ ಓಡಿ ಬಂದಳು. "ಏನಾತ್ರಿ ಮಾಸ್ತರ? ಸಿಲಿಂಡರ್ ಏನ್ರಿ?"

"ಇಲ್ಲವಾ," ಸುನಂದಾ ಮುಖ ಒರೆಸಿಕೊಳ್ಳುತ್ತ ಹೇಳಿದಳು, "ಪರಿಸರ."

ಉಳಿದ ಹನ್ನೊಂದು ಬಾಟಲಿಗಳ ಮುಚ್ಚಳ ಸಡಿಲಿಸಿ ಅವನ್ನು ಹಿತ್ತಲಿಗೆ ಗಡಿಪಾರು ಮಾಡಲಾಯಿತು.

ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ಮರುದಿನದಿಂದ ಜೈನರ ಮನೆಗಳಲ್ಲಿ ಹತ್ತು ದಿನದ ದಶಲಕ್ಷಣ ಪರ್ವ. ಅಕ್ಕಾತಾಯಿ ಆ ವರ್ಷ ಹತ್ತು ದಿನದ ಉಪವಾಸ ಹಿಡಿದಿದ್ದರು. ಅನ್ನವಿಲ್ಲ, ಹಣ್ಣಿಲ್ಲ, ಹಾಲಿಲ್ಲ. ಹೊತ್ತು ಮುಳುಗುವ ಮೊದಲು ಕಾಯಿಸಿ ಆರಿಸಿದ ನೀರು ಮಾತ್ರ. ಆರನೆಯ ದಿನಕ್ಕೆ ಅವರ ದನಿ ಸಣ್ಣಗಾಯಿತು. ಎಂಟನೆಯ ದಿನಕ್ಕೆ ಮೆಟ್ಟಿಲು ಇಳಿಯುವಾಗ ಮಗ ಕೈ ಹಿಡಿಯುತ್ತಿದ್ದ. ಆದರೂ ಮುಖದ ಮೇಲೆ ಅದೊಂದು ಶಾಂತಿ. ನಾನು ಒಂದು ತಾಸು ಚಹಾ ತಡವಾದರೆ ಮನೆಯಲ್ಲಿ ಪಾತ್ರೆ ಕುಕ್ಕುವವನು. ನಿಜ ಹೇಳುತ್ತೇನೆ, ಅವರನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಪಾರಣೆ, ಅಂದರೆ ಉಪವಾಸ ಬಿಡುವುದು. ನಸುಕಿನಲ್ಲೇ ಅಕ್ಕಾತಾಯಿ, ಮಗ, ಬಂಧುಗಳು ಬಸದಿಗೆ ಹೋದರು. ಪೂಜೆ ಮುಗಿಸಿ ಎಲ್ಲರೂ ಕೂಡಿ ಮನೆಗೆ ಬರುವವರು. ವೈಶಾಲಿ ಮೇಲೆ ಅಡುಗೆಯಲ್ಲಿದ್ದಳು.

ಈ ಪುಣ್ಯಕಾರ್ಯದಲ್ಲಿ ನನ್ನದೂ ಒಂದು ಅಳಿಲುಸೇವೆ ಇರಲಿ ಎಂದು ಮನಸ್ಸು ತುಡಿಯಿತು. ಮಳೆಗಾಲದ ಕೆಸರಿಗೆ ಮೆಟ್ಟಿಲೆಲ್ಲ ಹೊಲಸಾಗಿದ್ದವು. ಬರುವ ಬಂಧುಗಳು "ಮೆಟ್ಟಲಾ ಏನ್ ಹೊಳೀತಾವ್ರಿ!" ಎನ್ನಬೇಕು, ಅಕ್ಕಾತಾಯಿ ನನ್ನತ್ತ ಬೆರಳು ತೋರಿಸಬೇಕು, ನಾನು ವಿನಯದಿಂದ ತಲೆ ತಗ್ಗಿಸಿ ಬಯೋ ಎಂಜೈಮ್ ವಿಷಯ ಎತ್ತಬೇಕು. ಸೇವೆಯ ಜೊತೆಗೆ ಇಷ್ಟೇ ಇಷ್ಟು ಪ್ರಚಾರವೂ ಇತ್ತು, ಒಪ್ಪಿಕೊಳ್ಳುತ್ತೇನೆ.

ಹಿತ್ತಲಿನಿಂದ ಬಾಟಲಿಗಳನ್ನು ಹೊತ್ತು ತಂದೆ. ಸುನಂದಾ ಬಾಗಿಲಲ್ಲಿ ಅಡ್ಡ ನಿಂತಳು.

"ಮೂರು ತಿಂಗಳು ಆಗಬೇಕು ಅಂದಿದ್ರಿ. ಇನ್ನಾ ಒಂದs ತಿಂಗಳಾಗೇತಿ."

"ಅದಕ್ಕs ಡಬಲ್ ಡೋಸ್ ಹಾಕ್ತೀನಿ."

"ಒಂದು ಬಕೀಟ್ ನೀರಿಗೆ ಒಂದು ಮುಚ್ಚಳ ಅಂತ ಐತೆಲ್ರಿ?"

"ಅದು ಸಾದಾ ಹೊಲಸಿಗೆ. ಇದು ಮಳಿಗಾಲದ್ದು."

"ಮತ್ತ ಅಕ್ಕಾರು ಮ್ಯಾಲ ತರಬ್ಯಾಡ ಅಂದಾರ."

ಇದಕ್ಕೂ ನನ್ನ ಬಳಿ ಕಾನೂನುಬದ್ಧ ಉತ್ತರವಿತ್ತು. ಮೇಲೆ ಎಂದರೆ ಮನೆ. ಮೆಟ್ಟಿಲು ಎಂದರೆ ಮೆಟ್ಟಿಲು. ಹೀಗೆ ಹೇಳಿ, ನೀರೇ ಬೆರೆಸದೆ, ಇಪ್ಪತ್ತೆರಡೂ ಮೆಟ್ಟಿಲಿಗೆ ಹನ್ನೊಂದು ಬಾಟಲಿ ಸುರಿದು, ಮೇಲಿನಿಂದ ಕೆಳಗಿನವರೆಗೆ ಅರಿವೆ ಹಚ್ಚಿ ಒರೆಸಿದೆ. ಬೆಳಗಿನ ಬಿಸಿಲು ಬಿದ್ದಾಗ ಮೆಟ್ಟಿಲುಗಳು ಪಾಲಿಶ್ ಮಾಡಿದಂತೆ ಮಿಂಚಿದವು. ಕಾಲು ಸ್ವಲ್ಪ ಅಂಟುತ್ತಿತ್ತು. ಒಣಗಿದರೆ ಸರಿಹೋಗುತ್ತದೆ ಎಂದುಕೊಂಡೆ. ಅರ್ಧಕ್ಕರ್ಧ ಬೆಲ್ಲ ಇನ್ನೂ ಬೆಲ್ಲವಾಗಿಯೇ ಇತ್ತು ಎಂಬ ರಸಾಯನಶಾಸ್ತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಸ್ನಾನ ಮಾಡಿ, ಇದ್ದುದರಲ್ಲಿ ಬೆಳ್ಳಗಿದ್ದ ಅಂಗಿ ತೊಟ್ಟು ಹೊರಗೆ ಬರುವಷ್ಟರಲ್ಲಿ ಮೆರವಣಿಗೆ ಅಂಗಳ ತಲುಪಿತ್ತು. ಹೆಂಗಸರು ಹಾಡುತ್ತಿದ್ದರು. ನಡುವೆ ಅಕ್ಕಾತಾಯಿ, ಎರಡೂ ಕಡೆ ಇಬ್ಬರು ಹಿಡಿದುಕೊಂಡಿದ್ದರು. ಹಿರಿಯರೊಬ್ಬರು ಮೆಟ್ಟಿಲಿನ ಕಡೆ ನೋಡಿ, "ಅಬಾಬಾ, ಕರೀ ಜಮಖಾನ ಹಾಸ್ಯಾರಲ್ಲ! ಛಲೋ ಮಾಡ್ಯಾರ," ಎಂದರು.

ನಾನು ಜಮಖಾನ ಹಾಸಿರಲಿಲ್ಲ.

ಜಮಖಾನ ಅಲುಗಾಡಿತು.

ಇರುವೆ! ಮೊದಲ ಮೆಟ್ಟಿಲಿನಿಂದ ಇಪ್ಪತ್ತೆರಡನೆಯ ಮೆಟ್ಟಿಲಿನವರೆಗೆ ಇರುವೆ! ಕರಿ ಇರುವೆ, ನಡುನಡುವೆ ಅಂಚು ಹೊಲಿದಂತೆ ಕೆಂಪಿರುವೆ. ಕಾಗವಾಡ ತಾಲೂಕಿನ ಒಂದು ಇರುವೆಯೂ ಆ ದಿನ ಮನೆಯಲ್ಲಿ ಉಳಿದಿರಲಿಕ್ಕಿಲ್ಲ.

ಹಾಡು ನಿಂತಿತು. ಅಕ್ಕಾತಾಯಿ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು. ಯಾರೋ, "ಕಸಬರಿಗಿ ತರ್ರಿ, ಜಾಡಿಸಿ ಬಿಡೂಣು," ಎಂದರು.

"ಬ್ಯಾಡ," ಎಂದರು ಅಕ್ಕಾತಾಯಿ. "ಹತ್ತ ದಿನಾ ಉಪವಾಸ ಮಾಡಿ, ಇಷ್ಟು ಜೀವಾ ತುಳದು ಹೋಗಿ ಉಣ್ಣಲೇನ? ಒಂದೂ ಸಾಯಬಾರ್ದು."

ಮೇಲಿನ ಗ್ಯಾಲರಿಯಿಂದ ವೈಶಾಲಿ ಬಗ್ಗಿ ನೋಡಿದಳು. "ಅತ್ಯಾರ, ಹೆಸರಬ್ಯಾಳಿ ಕಟ್ಟು ಆರಾಕತ್ತೈತಿ! ಬರ್ರಿ ಲಗೂ!"

ಊಟ ಮೇಲೆ. ಉಪವಾಸ ಕೆಳಗೆ. ನಡುವೆ ನನ್ನ ವಿಜ್ಞಾನ.

ಇಂಥ ಹೊತ್ತಿನಲ್ಲಿ ವಿಜ್ಞಾನದ ಮಾಸ್ತರ ಕೈಕಟ್ಟಿ ನಿಲ್ಲಬಾರದು. "ಹೆದರಬ್ಯಾಡ್ರಿ, ಉಪಾಯ ಐತಿ!" ಎಂದು ಕೂಗಿ ಒಳಗೆ ಓಡಿದೆ. ಇರುವೆಗೆ ಬೇಕಾದ್ದು ಸಿಹಿ. ಮೆಟ್ಟಿಲಿಗಿಂತ ಹೆಚ್ಚಿನ ಸಿಹಿ ಬೇರೆ ಕಡೆ ಸಿಕ್ಕರೆ ಅವು ಅಲ್ಲಿಗೆ ಹೋಗಲೇಬೇಕು. ಮಾವನವರ ಬೆಲ್ಲದ ಪೆಂಟಿಯನ್ನೇ ಎತ್ತಿ ತಂದು ಮೆಟ್ಟಿಲಿನ ಬುಡದಲ್ಲಿಟ್ಟೆ. ಎಲ್ಲರೂ ಬಗ್ಗಿ ನೋಡಿದರು.

ಮೇಲಿನವು ಇಳಿಯಲಿಲ್ಲ. ಬೇವಿನ ಮರದ ಬುಡದಿಂದ, ಬೇಲಿಯ ಸಂದಿಯಿಂದ, ಗಟಾರದ ಅಂಚಿನಿಂದ ಹೊಸವು ಹೊರಟು ಬಂದವು. ಪೆಂಟಿಯ ಮೇಲೆ ಸ್ವಲ್ಪ ವಿಶ್ರಾಂತಿ ಪಡೆದು ಅವೂ ಮೆಟ್ಟಿಲು ಹತ್ತಿದವು!

ಅಷ್ಟರಲ್ಲಿ ಅಕ್ಕಾತಾಯಿಯ ಕಾಲು ನಡುಗಿತು. ಹಿಡಿದವರು ಅವರನ್ನು ಮೆಲ್ಲಗೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡಿಸಿದರು. ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು. ಅಲ್ಲಿಯವರೆಗೆ ನನಗೆ ಅವಮಾನದ ಚಿಂತೆಯಿತ್ತು. ಆ ಮುಖ ನೋಡಿದ ಮೇಲೆ ಅದು ಹಾರಿಹೋಯಿತು. ಹತ್ತು ದಿನ ತಡೆದ ಜೀವ ನನ್ನಿಂದಾಗಿ ಇಲ್ಲಿ ಕುಸಿದರೆ?

"ಮಾಸ್ತರ," ಅಕ್ಕಾತಾಯಿ ಮೆಲ್ಲಗೆ ಕರೆದರು. "ಏನ್ ಹಾಕಿದ್ರಿ?"

"ಆ… ಬಾಟ್ಲಿದ್ರಿ."

"ಮ್ಯಾಲ ತರಬ್ಯಾಡ ಅಂದಿದ್ನೆಲ್ಲ."

"ಮ್ಯಾಲ ತಂದಿಲ್ರಿ ಅಕ್ಕಾತಾಯಿ. ಬರೇ ಮೆಟ್ಟಲಾ…"

"ಮೆಟ್ಟಲಾ ಎಲ್ಲಿಗಿ ಹೋಗ್ತಾವ್ರಿ?"

"…ಮ್ಯಾಲ."

ಬಂಧುಗಳೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು.

ಆಗ ಸುನಂದಾ ಸೆರಗು ಸಿಕ್ಕಿಸಿದಳು. ಮೇಲೆ ನೋಡಿ ಕೂಗಿದಳು: "ವೈಶಾಲೀ, ಅಕ್ಕಾರ ಮೆಟ್ಟಲಾ ಹತ್ತೂದು ಬ್ಯಾಡ. ಊಟಾನs ಕೆಳಗ ಇಳಸು! ಹೊಸಾ ಬುಟ್ಟಿ ಐತೇನ? ಹಗ್ಗಾ ಕಟ್ಟು!"

ಇಷ್ಟು ಜನರ ತಲೆಗೆ ಹೊಳೆಯದ ಮಾತು ಅದು. ಎರಡೇ ನಿಮಿಷದಲ್ಲಿ ಗ್ಯಾಲರಿಯಿಂದ ಬಿದಿರಿನ ಬುಟ್ಟಿ ತೂಗಾಡುತ್ತ ಇಳಿಯತೊಡಗಿತು. ಅದರಲ್ಲಿ ಮುಚ್ಚಿದ ಪಾತ್ರೆ, ಬೆಳ್ಳಿ ಬಟ್ಟಲು. ನಾನು ಹಿಡಿಯಲೆಂದು ಎರಡೂ ಕೈ ಎತ್ತಿ ಮುಂದೆ ಹೋದೆ.

"ನೀವು ಮುಟ್ಟಬ್ಯಾಡ್ರಿ!" ಎಂದಳು ಸುನಂದಾ. "ನೀವು ದೂರ ನಿಲ್ರಿ!" ಎಂದ ಅಕ್ಕಾತಾಯಿಯ ಮಗ. "ಮಾಸ್ತರ, ಇನ್ನಾ ಸ್ವಲ್ಪ ದೂರ!" ಎಂದಳು ಮೇಲಿನಿಂದ ವೈಶಾಲಿ. ನಾನು ಹಿಂದೆ ಹಿಂದೆ ಸರಿದು ತುಳಸಿಕಟ್ಟೆಯ ಆಚೆ ನಿಂತೆ.

ಸುನಂದಾ ಒಗೆದ ಚಾದರ ಹಾಸಿದಳು. ಬಂಧುಗಳು ಒಬ್ಬೊಬ್ಬರಾಗಿ ಬಟ್ಟಲಿನಿಂದ ಚಮಚ ಚಮಚವಾಗಿ ಅಕ್ಕಾತಾಯಿಗೆ ಕುಡಿಸಿದರು. ಮೊದಲ ಗುಟುಕು ಇಳಿದಾಗ ಅವರ ಕಣ್ಣಂಚು ಒದ್ದೆಯಾಯಿತು. ನನ್ನದೂ ಆಯಿತು. ನಾನು ಮಾತ್ರ ಅದನ್ನು ತುಳಸಿಗೆ ತೋರಿಸಿದೆ.

ಅರ್ಧ ಬಟ್ಟಲು ಮುಗಿದ ಮೇಲೆ ಅಕ್ಕಾತಾಯಿಯ ಮುಖಕ್ಕೆ ಕಳೆ ಬಂತು. ಮೆಟ್ಟಿಲಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಬರ್ರಿ ಮಾಸ್ತರ, ಅಲ್ಯಾಕ ನಿಂತೀರಿ," ಎಂದರು. "ಉಪವಾಸ ಮಾಡಿದಾಕಿ ನಾನು. ಪಾರಣೆ ಇರುವಿಗೋಳಿಗೆ ಮಾಡಿಸೀರಿ."

ಇಡೀ ಅಂಗಳ ಗೊಳ್ಳೆಂದಿತು! ಅತ್ಯಂತ ಜೋರಾಗಿ ನಕ್ಕದ್ದು ಸುನಂದಾ.

ನಗು ಮುಗಿದ ಮೇಲೆ ಆಜ್ಞೆ ಬಂತು. ಮೆಟ್ಟಿಲು ಮೊದಲಿನಂತಾಗಬೇಕು, ಮಾಡಬೇಕಾದವನು ನಾನು, ಒಂದು ಇರುವೆಯೂ ಸಾಯಬಾರದು. ಹಳೆಯ ಪೇಪರು, ಬಿಸಿನೀರಿನ ಬಕೀಟು, ಮೆತ್ತನೆಯ ಅರಿವೆ ಹಿಡಿದು ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದೆ. ಇರುವೆಗಳನ್ನು ಪೇಪರಿನ ಮೇಲೆ ಹತ್ತಿಸಿಕೊಳ್ಳುವುದು, ಬೇವಿನ ಮರದ ಬುಡಕ್ಕೆ ಒಯ್ದು ಇಳಿಸುವುದು, ಬಂದು ಖಾಲಿಯಾದ ಜಾಗ ಒರೆಸುವುದು. ಕೆಂಪಿರುವೆಗಳು ಮೊಣಕೈವರೆಗೆ ಕಚ್ಚಿದವು. ಕಚ್ಚುವ ಹಕ್ಕು ಅವಕ್ಕಿತ್ತು. ಕೊಲ್ಲುವ ಹಕ್ಕು ನನಗಿರಲಿಲ್ಲ! ಮೇಲೆ ಸಿಕ್ಕಿಬಿದ್ದಿದ್ದ ವೈಶಾಲಿ ನಡುನಡುವೆ ಬಗ್ಗಿ, "ಎಷ್ಟನೇ ಮೆಟ್ಟಲಕ ಬಂದ್ರಿ ಮಾಸ್ತರ?" ಎಂದು ಕೇಳುತ್ತಿದ್ದಳು. ಹೊತ್ತು ಇಳಿಯುವ ಹೊತ್ತಿಗೆ ಇಪ್ಪತ್ತೆರಡನೆಯದು ಮುಗಿಯಿತು. ಸೊಂಟ ಮಾತ್ರ ಹದಿನೈದನೆಯದರಲ್ಲೇ ಮುಗಿದಿತ್ತು.

ಅಕ್ಕಾತಾಯಿ ಮೆಲ್ಲಗೆ ಹತ್ತಿ ಬಂದು, ಮೇಲಿನ ಮೆಟ್ಟಿಲಿನ ಮೇಲೆ ಕೈಯಾಡಿಸಿ ನೋಡಿದರು.

"ಛಲೋ ಆಗೇತಿ. ಏನ್ ಹಾಕಿದ್ರಿ?"

"ಏನೂ ಇಲ್ರಿ. ಬರೇ ಬಿಸಿನೀರು, ಹಳೆ ಧೋತರದ ತುಂಡು."

"ನಾ ನಲವತ್ತ ವರ್ಷದಿಂದ ಅದನ್ನs ಹಾಕಾಕತ್ತೀನಿ," ಎಂದರು. "ಅದಕ್ಕ ಇಂಗ್ಲಿಷ್ ಹೆಸರ ಇಲ್ಲ ನೋಡ್ರಿ, ನಿಮಗ ಕಾಣಲಿಲ್ಲ. ಹೊಲಸು ಹೋಗೂದು ಬಾಟ್ಲಿಯಿಂದಲ್ಲ ಮಾಸ್ತರ. ಮೊಣಕಾಲ ಊರಬೇಕು."

ಈ ಮಾತನ್ನು ಕೆಳಗಿನ ಬಾಗಿಲಲ್ಲಿ ನಿಂತು ಸುನಂದಾ ಕೇಳಿಸಿಕೊಂಡಳು. ಗುರುವಾಕ್ಯವೆಂಬಂತೆ ಸ್ವೀಕರಿಸಿದಳು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಿಸಿನೀರಿನ ಬಕೀಟು, ಅದರ ಅಂಚಿನ ಮೇಲೆ ನನ್ನದೇ ಖಾಕಿಯಾದ ಅಂಗಿಯ ಅರ್ಧ ತುಂಡು, ಎರಡೂ ಹಾಸಿಗೆಯ ಪಕ್ಕಕ್ಕೆ ಬಂದು ನಿಂತಿದ್ದವು.

"ಏನಿದು?" ಎಂದೆ.

"ನಿಸರ್ಗ ಬಂದೈತ್ರಿ," ಎಂದಳು. "ಅಡಿಗಿಮನಿಯಿಂದ ಶುರು ಮಾಡ್ರಿ."

ಆ ದಿನದಿಂದ ಇವತ್ತಿನವರೆಗೆ ನಮ್ಮ ಮನೆ ಸಂಪೂರ್ಣ ಪರಿಸರಸ್ನೇಹಿ. ಸುನಂದಾಳ ಕೆಮ್ಮು ನಿಂತಿದೆ, ನೆಲ ಹೊಳೆಯುತ್ತದೆ. ಊರಿನಲ್ಲಿ ನನಗೆ ಇರುವಿ ಮಾಸ್ತರ ಎಂಬ ಹೆಸರೂ ಬಿದ್ದಿದೆ. ಮೊನ್ನೆ ನಾನು ಕಟ್ಟೆ ಒರೆಸುತ್ತಿದ್ದಾಗ ಅಕ್ಕಾತಾಯಿ ತಮ್ಮ ಬೀಗರಿಗೆ ಮಹಡಿಯಿಂದಲೇ ನನ್ನ ಕಡೆ ಬೆರಳು ತೋರಿಸುತ್ತ, "ನೋಡ್ರಿ, ಹೊಗಿ ಇಲ್ಲ, ವಾಸನಿ ಇಲ್ಲ, ಕರೆಂಟೂ ಬೇಕಾಗಿಲ್ಲ," ಎಂದು ಮೆಚ್ಚಿ ನುಡಿದರು.

ನೆಲ ಒರೆಸುವ ಯಾವುದೋ ಹೊಸ ಮಷೀನಿನ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಏನೂ ಇರಲಿಲ್ಲ!